ಹದಿನಾಲ್ಕನೆಯ ಸಾಲು

ಹದಿನಾಲ್ಕನೆಯ ಸಾಲಿನಲ್ಲಿ ಅಜ್ಜಿಯ ಫೋನ್ ನಂಬರು ಇತ್ತು. ಅದು ಅಲ್ಲಿ ಇರಬಾರದಿತ್ತು.

ಕೃತಿಕಾ ಪರದೆಗೆ ಬಾಗಿ ಮತ್ತೊಮ್ಮೆ ಓದಿದಳು. ಹರಿಹರದ ಡಯಾಲಿಸಿಸ್ ಕೇಂದ್ರದ ವೆಬ್‌ಸೈಟಿನ ಸೆಟ್ಟಿಂಗ್ಸ್ ಫೈಲು ಅದು. ಅಜ್ಜಿಯ ಕಥೆಯ ರಾಕ್ಷಸನ ಜೀವ ಗಿಣಿಯೊಳಗೆ ಇದ್ದ ಹಾಗೆ, ಇಡೀ ವೆಬ್‌ಸೈಟಿನ ಜೀವ ಈ ನಲವತ್ತು ಸಾಲುಗಳಲ್ಲಿದೆ ಎಂದು ಕೆಲಸಕ್ಕೆ ಸೇರಿದ ದಿನವೇ ಅವಳಿಗೆ ಅನ್ನಿಸಿತ್ತು. ಅಂಥ ಫೈಲು ಎರಡಿದ್ದವು. ಒಂದು ಸುಳ್ಳು ಹೆಸರುಗಳಿಟ್ಟು ಪರೀಕ್ಷೆ ಮಾಡಲು, ಇನ್ನೊಂದು ನಿಜವಾದ ರೋಗಿಗಳಿಗೆ. ಪರೀಕ್ಷೆಯದರಲ್ಲಿ ಯಾರ ಹೆಸರಿಗೆ ಸಂದೇಶ ಕಳಿಸಿದರೂ ಒಂದೇ ಫೋನಿಗೆ ಹೋಗುತ್ತಿತ್ತು, ಅದು ಯಾರಿಗೆ ಹೋಗಬೇಕಿತ್ತೋ ಅವರ ನಂಬರನ್ನು ನೆತ್ತಿಯ ಮೇಲೆ ಹೊತ್ತುಕೊಂಡು. ಆ ಫೋನು ಗುತ್ತೂರಿನಲ್ಲಿದ್ದ ಅಜ್ಜಿ ಶಕುಂತಲಮ್ಮನದು. ಫೋನು ಗುಂಯ್ ಅಂದರೆ ಅಜ್ಜಿಗೆ ಖುಷಿ ಎಂದು ಕೃತಿಕಾಳೇ ಅದನ್ನು ಹಾಕಿದ್ದಳು. ರೋಗಿಗಳ ಹೆಸರಿನ ಜಾಗದಲ್ಲೂ ಅಜ್ಜಿಯ ಕಥೆಯವರನ್ನೇ ತುಂಬಿದ್ದಳು: "ಏಳು ಮಲ್ಲಿಗೆ ತೂಕದ ರಾಣಿಯವರೇ, ನಾಳೆ ಏಳು ಗಂಟೆಗೆ ಬನ್ನಿ."

ಇವತ್ತು ಬೆಳಿಗ್ಗೆ ಪರೀಕ್ಷೆಯ ಫೈಲಿನಿಂದ ಹತ್ತು ಸಾಲು ನಕಲು ಮಾಡಿ ನಿಜದ ಫೈಲಿಗೆ ಅಂಟಿಸಿದ್ದಳು. ಜೊತೆಗೆ ಅಜ್ಜಿಯ ನಂಬರಿನ ಈ ಸಾಲೂ ಬಂದಿತ್ತು. ಮಧ್ಯಾಹ್ನ ಒಂದಕ್ಕೆ ಕೇಂದ್ರದವರು ಹತ್ತೊಂಬತ್ತು ರೋಗಿಗಳಿಗೆ ಸಂದೇಶ ಕಳಿಸಿದ್ದರು: ಯಂತ್ರದ ರಿಪೇರಿ, ನಾಳೆಯಿಂದ ಎರಡು ದಿನ ಕೇಂದ್ರ ಮುಚ್ಚಿರುತ್ತದೆ, ಇವತ್ತು ಸಂಜೆಯೇ ಬನ್ನಿ. ಹತ್ತೊಂಬತ್ತೂ ಅಜ್ಜಿಗೆ ಹೋಗಿದ್ದವು. ಈಗ ನಾಲ್ಕೂ ಕಾಲು.

ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಅವಳು ಕೆಲಸ ಮಾಡುವ ಪುಟ್ಟ ಆಫೀಸಿನ ಮಾಲೀಕ ಕೊಟ್ಟೂರೇಶ್ ಎಲ್ಲವನ್ನೂ ಕೇಳಿಸಿಕೊಂಡ. "ಬೈಯೋದು ಆಮ್ಯಾಲೆ ಬೈತೀನಿ," ಅಂದ. "ಮೊದ್ಲು ಫೋನ್ ಹಚ್ಚು."

ಪಟ್ಟಿಯ ಮೊದಲ ಹೆಸರು ನಬೀ ಸಾಬ್. ಕೃತಿಕಾ ತೊದಲುತ್ತಾ ಕ್ಷಮೆ ಕೇಳುವಷ್ಟರಲ್ಲಿ ಆತ ತಡೆದ.

"ನಾನು ಬಸ್ನಾಗೆ ಅದೀನಮ್ಮ. ಮಧ್ಯಾಹ್ನನೇ ಯಾರೋ ಅಮ್ಮಾರು ಫೋನ್ ಮಾಡಿ ಹೇಳಿದ್ರಲ್ಲ. ನೀರು ಜಾಸ್ತಿ ಕುಡಿಬ್ಯಾಡ್ರಿ ಅಂತ ಬುದ್ಧೀನೂ ಹೇಳಿದ್ರು."

ಎರಡನೆಯವರು ಆಗಲೇ ಕೇಂದ್ರದ ಬಾಗಿಲಲ್ಲಿದ್ದರು. ಇನ್ನೊಂದು ಫೋನಿನಲ್ಲಿದ್ದ ಕೊಟ್ಟೂರೇಶ್, ಇವರಿಗೂ ಗೊತ್ತಂತೆ ಎಂದು ಕೈಸನ್ನೆ ಮಾಡಿದ. ಕೃತಿಕಾ ಬ್ಯಾಗಿನಿಂದ ತನ್ನ ಫೋನು ತೆಗೆದಳು. ಶಬ್ದ ಬಂದ್ ಆಗಿತ್ತು. ಅಜ್ಜಿಯ ಕರೆ ಆರು ಸಲ ಬಂದು ಹೋಗಿತ್ತು. ತಿರುಗಿ ಹಚ್ಚಿದರೆ ಎಂಗೇಜ್. ನಾಲ್ಕನೆಯ ಸಲಕ್ಕೆ ಅಜ್ಜಿ ಸಿಕ್ಕಳು.

"ಇಡು ಇಡು, ಇನ್ನೊಬ್ಬಾಕಿ ಉಳದಾಳೆ."

"ಅಜ್ಜಿ, ಅವ್ರು ನಿಜವಾದ ಜನ ಅಂತ ನಿನಗೆ ಹೆಂಗೆ ಗೊತ್ತಾತು?"

"ನೀನು ಕಳ್ಸೋರೆಲ್ಲ ರಾಜ ರಾಣಿ. ಇವತ್ತು ನೋಡಿದ್ರೆ ನಬೀ ಸಾಬ್, ಕೆಂಚಕ್ಕ. ಕೆಂಚಕ್ಕ ಅನ್ನೋ ರಾಣಿ ಕಥಿ ನಾನ್ಯಾವತ್ತು ಹೇಳೀನಿ ನಿನಗೆ? ಅದ್ಕೆ ಒಂದು ನಂಬರಿಗೆ ಹಚ್ಚಿ ಕೇಳ್ದೆ. ಎರಡು ದಿನ ತಪ್ಪಿದ್ರೆ ಮೈಯೆಲ್ಲ ಬಾತುಕೊಂಡು ಉಸ್ರೇ ಆಡಾದಿಲ್ಲಂತೆ. ನಿನಗೆ ಹಚ್ಚಿದ್ರೆ ನೀನು ಎತ್ತಲಿಲ್ಲ." ಅಜ್ಜಿ ಉಸಿರು ತೆಗೆದುಕೊಂಡಳು. "ಈಗ ಆ ಕೆಂಚಕ್ಕನೂ ಎತ್ತವಲ್ಲಳು."

ಕೃತಿಕಾ ಪಟ್ಟಿಯಲ್ಲಿ ವಿಳಾಸ ಹುಡುಕಿ ಊರು ಹೇಳಿದಳು. ಉಕ್ಕಡಗಾತ್ರಿ.

"ಅಷ್ಟೇನಾ? ಅಮಾಸಿಗೆ ಗುಡಿಗೆ ಹೋದಾಗ ನಾನು ಕಾಯಿ ತಗಳೋ ಅಂಗಡಿ ಓಬವ್ವ ಅಲ್ಲೇ ಇರಾದು. ಆಕೀನ ಕೆಂಚಕ್ಕನ ಮನಿಗೆ ಕಳಿಸ್ತೀನಿ," ಎಂದು ಅಜ್ಜಿ ಫೋನ್ ಇಟ್ಟಳು.

ಕೃತಿಕಾ ನಿಜದ ಫೈಲಿನಿಂದ ಹದಿನಾಲ್ಕನೆಯ ಸಾಲನ್ನು ಅಳಿಸಿದಳು. ಅಳಿಸಿದ್ದನ್ನು ಕೊಟ್ಟೂರೇಶನಿಗೆ ತೋರಿಸಿ, ಕೇಂದ್ರದ ಪುಟ ತೆರೆದು ಕುಳಿತಳು. ಬಂದವರ ಹೆಸರಿನ ಪಕ್ಕ ಹಸಿರು ಚುಕ್ಕೆ ಮೂಡುತ್ತಿತ್ತು. ಐದೂವರೆಗೆ ಹದಿನೆಂಟು ಚುಕ್ಕೆ. ಕೊಟ್ಟೂರೇಶ್ ಮಂಡಕ್ಕಿ ತರಿಸಿ ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಉಕ್ಕಡಗಾತ್ರಿಯಿಂದ ಹರಿಹರಕ್ಕೆ ಎಷ್ಟು ಹೊತ್ತಿನ ದಾರಿ ಎಂದು ಎರಡು ಸಲ ಕೇಳಿದಳು.

ಆರೂ ಇಪ್ಪತ್ತಕ್ಕೆ ಕೆಂಚಕ್ಕನ ಹೆಸರಿನ ಪಕ್ಕದಲ್ಲೂ ಹಸಿರು ಮೂಡಿತು.

ಕೃತಿಕಾ ಕುರ್ಚಿಗೆ ಒರಗಿದಳು. ಕೊಟ್ಟೂರೇಶ್ ಬೈಯಬೇಕಾದ್ದನ್ನು ಮರೆತವನಂತೆ ಮೆಣಸಿನಕಾಯಿ ಮುರಿಯುತ್ತಿದ್ದ. ಅವಳು ಪರೀಕ್ಷೆಯ ಫೈಲು ತೆರೆದಳು. ಅಲ್ಲಿ ಅಜ್ಜಿಯ ನಂಬರು ಇದ್ದಲ್ಲೇ ಇತ್ತು. ಅದನ್ನು ಹಾಗೆಯೇ ಬಿಟ್ಟು, ತನ್ನ ಫೋನಿನ ಶಬ್ದ ಹಚ್ಚಿ, ಕೀಬೋರ್ಡಿಗೂ ಮಂಡಕ್ಕಿಗೂ ನಡುವೆ ಇಟ್ಟಳು.

ಸ್ವಲ್ಪ ಹೊತ್ತಿಗೆ ಅಜ್ಜಿಯ ಕರೆ ಬಂದು ಅದು ಗುಂಯ್ ಎಂದು ಮೇಜಿನ ಮೇಲೆ ಸರಿಯಿತು. ಪಕ್ಕದಲ್ಲಿ ಉದುರಿದ್ದ ನಾಲ್ಕು ಮಂಡಕ್ಕಿ ಕಾಳೂ ಅದರ ಜೊತೆ ನಡುಗಿದವು.