ಹೊನ್ನೂರುಸ್ವಾಮಿ ಹೆಸರಿನಲ್ಲಿ ಆಡಿದವನು

ಸಂಡೂರಿನಿಂದ ಫೋನು ಬಂದಾಗ ಮಲ್ಲಿಕಾರ್ಜುನ ಹೊಸಪೇಟೆಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಹರೆಯದಲ್ಲಿ ಹೊಸಪೇಟೆ ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಎದುರಿನ ತಂಡದ ದೊಡ್ಡ ಆಟಗಾರನನ್ನು ಅಡ್ಡಗಟ್ಟಿ ಕಾಯುವುದು ಅವನ ಕೆಲಸ. ಆ ಕೆಲಸಕ್ಕೆ ಚಪ್ಪಾಳೆ ಸಿಗುವುದು ಕಡಿಮೆ, ಮೊಣಕಾಲು ನೋವು ಮಾತ್ರ ಖಾಯಂ.

"ಮಾಮಾ, ನಾನು ಹೊನ್ನೂರುಸ್ವಾಮಿಯವರ ಮಗ ಪ್ರವೀಣ್ರಿ. ಬರೋ ಭಾನುವಾರ ಸಂಡೂರಾಗ ಟೂರ್ನಮೆಂಟ್ ಐತಿ. ಅಪ್ಪಾಜಿಗೆ ಸನ್ಮಾನ ಇಟ್ಕಂಡೀವಿ. ಆ ಕಾಲದಾಗ ನಮ್ಮ ಕಡೆ ಎಲ್ಲಾರಿಗಿಂತ ಹೆಚ್ಚು ಪಾಯಿಂಟ್ ಹೊಡದವ್ರು ಅವ್ರ ಅಲ್ಲೇನ್ರಿ? ಈಗಿನ ಹುಡುಗ್ರಿಗೆ ಅವ್ರ ಹೆಸರು ಸೈತ ಗೊತ್ತಿಲ್ಲ. ನೀವು ಅವ್ರ ಎದುರಿಗೆ ಆಡಿದವ್ರು. ಬಂದು ನಾಕು ಮಾತು ಹೇಳ್ಬೇಕು."

"ಹೆಂಗದಾನಪ್ಪ ನಿಮ್ಮಪ್ಪ?"

"ಲಕ್ವ ಹೊಡದು ಎಲ್ಡು ವರ್ಸಾತ್ರಿ. ಮಾತು ಹೋಗೇತಿ. ಬಲಗೈ ಎತ್ತಾಕ ಬರಲ್ಲ. ಆದ್ರ ಎಲ್ಲಾ ತಿಳೀತೈತಿ ಅವ್ರಿಗೆ."

ಬರ್ತೀನಿ ಎಂದು ಹೇಳಿ ಮಲ್ಲಿಕಾರ್ಜುನ ಫೋನು ಕೆಳಗಿಟ್ಟ. ಅಂಗೈಯಲ್ಲಿದ್ದ ಎಣ್ಣೆ ಬೆರಳ ಸಂದಿಯಿಂದ ಇಳಿದು ಕಟ್ಟೆಯ ಮೇಲೆ ಬಿತ್ತು. ಹೊನ್ನೂರುಸ್ವಾಮಿ ಒಳ್ಳೆಯ ಮನುಷ್ಯ, ಆಟದ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು. ಆದರೆ ಅವನು ಓಡಿದರೆ ಚೆಂಡು ಒಂದು ಕಡೆ, ಅವನು ಒಂದು ಕಡೆ. ಅವನ ಹೆಸರಿನಲ್ಲಿ ಬಿದ್ದ ಪಾಯಿಂಟುಗಳೆಲ್ಲ ಜಂಬಯ್ಯನವು.

ಸಂಡೂರು ಗುಡ್ಡದಲ್ಲಿ ಆಗ ಒಂದು ಖಾಸಗಿ ಗಣಿ ಇತ್ತು, ಈಗ ಮುಚ್ಚಿ ಎಷ್ಟೋ ವರ್ಷವಾಗಿದೆ. ಹೊನ್ನೂರುಸ್ವಾಮಿ ಅಲ್ಲಿ ಖಾಯಂ ಗುಮಾಸ್ತ, ಗಣಿಯ ತಂಡ ಕಟ್ಟಿದವನೂ ಅವನೇ. ಜಂಬಯ್ಯ ಮೆಟ್ರಿಯ ಕಡೆಯಿಂದ ಬಂದ ಗುತ್ತಿಗೆ ಕೂಲಿ. ಲಾರಿಗೆ ಅದಿರು ತುಂಬುವವನು, ತೊಲೆಯಂತೆ ಎತ್ತರ. ಪಾಳಿ ಮುಗಿಸಿ ಕೆಂಪು ಧೂಳಿನ ಮೈಯಲ್ಲೇ ಕೋರ್ಟಿನ ಬದಿಗೆ ನಿಂತು ಆಟ ನೋಡುತ್ತಿದ್ದ. ಒಂದು ಸಂಜೆ ಹೊರಗೆ ಹೋದ ಚೆಂಡನ್ನು ಎತ್ತಿ, ನಿಂತ ಜಾಗದಿಂದಲೇ ಎಡಗೈಯಲ್ಲಿ ಎಸೆದ. ಚೆಂಡು ರಿಂಗಿನೊಳಗೆ ಇಳಿಯಿತು. ಇನ್ನೊಮ್ಮೆ ಎಸೆ ಎಂದರು. ಮತ್ತೆ ಇಳಿಯಿತು.

ಟೂರ್ನಮೆಂಟಿನಲ್ಲಿ ಕಂಪನಿ ತಂಡಕ್ಕೆ ಅದರ ಖಾಯಂ ನೌಕರರು ಮಾತ್ರ ಆಡಬೇಕೆಂಬ ನಿಯಮ. "ಇದೊಂದ್ ಸಲ ನನ್ನ ಹೆಸರಾಗ ಆಡು. ಮುಂದ ಸಾಹೇಬ್ರಿಗೆ ಹೇಳಿ ನಿನ್ನ ಖಾಯಂ ಮಾಡಿಸ್ತೀನಿ," ಎಂದ ಹೊನ್ನೂರುಸ್ವಾಮಿ. ಒಂದು ಸಲ ಎಂದದ್ದು ಆರು ವರ್ಷವಾಯಿತು. ಖಾಯಂ ಆಗಲಿಲ್ಲ. ಖಾಯಂ ಮಾಡಿಸಲು ಹೋದರೆ ಹೆಸರಿನ ಗುಟ್ಟು ಬಯಲಾಗುತ್ತದೆಂಬ ಅಂಜಿಕೆ ಹೊನ್ನೂರುಸ್ವಾಮಿಗೆ. ಕೊನೆಗೆ ರಾಜ್ಯ ತಂಡದ ಆಯ್ಕೆಗೆ ಹೊನ್ನೂರುಸ್ವಾಮಿಗೆ ಕರೆ ಬಂತು. ಅಲ್ಲಿ ಗುರುತಿನ ಪತ್ರ ತೋರಿಸಬೇಕು. ಹಾಗಾಗಿ ಯಾರೂ ಹೋಗಲಿಲ್ಲ. ಮುಂದಿನ ವರ್ಷ ಗುತ್ತಿಗೆದಾರ ಬದಲಾದ, ಜಂಬಯ್ಯನ ಕೆಲಸ ಹೋಯಿತು. ಅವನು ಊರಿಗೆ ಹೋದ, ಮತ್ತೆ ಯಾವ ಕೋರ್ಟಿನಲ್ಲೂ ಕಾಣಿಸಿಕೊಳ್ಳಲಿಲ್ಲ.

ಇದು ತಂಡದವರನ್ನು ಬಿಟ್ಟರೆ ಮಲ್ಲಿಕಾರ್ಜುನನಿಗೆ ಮಾತ್ರ ಗೊತ್ತಿತ್ತು. ಎದೆಗೆ ಎದೆ ಕೊಟ್ಟು ಕಾಯುವವನ ಮುಂದೆ ಗುಟ್ಟು ಉಳಿಯುವುದಿಲ್ಲ. ಆಟದ ಭರದಲ್ಲಿ ಗಣಿಯ ಹುಡುಗರು "ಜಂಬ್ಯಾ, ಹಿಡಿ!" ಎಂದು ಕೂಗಿಬಿಡುತ್ತಿದ್ದರು. ಕೂಗಿದವರಲ್ಲಿ ಈಗ ಒಬ್ಬರೂ ಉಳಿದಿಲ್ಲ.

ಮರುದಿನ ಬೆಳಿಗ್ಗೆ ಅವನು ಕಂಪ್ಲಿ ಬಸ್ಸು ಹತ್ತಿದ. ಅಲ್ಲಿಂದ ಆಟೋದಲ್ಲಿ ಮೆಟ್ರಿ. ಜಂಬಯ್ಯನ ಮನೆ ಕೇಳಿದರೆ "ಉದ್ದನ್ನ ಜಂಬಯ್ಯನಾ?" ಎಂದು ಒಬ್ಬಳು ಕೈ ತೋರಿಸಿದಳು. ಭತ್ತದ ಗದ್ದೆಗೆ ನೀರು ಬಿಟ್ಟು ಆಗಷ್ಟೇ ಬಂದಿದ್ದ ಜಂಬಯ್ಯ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ. ಬೆನ್ನು ಬಾಗಿ ಎತ್ತರವೆಲ್ಲ ಮುಂದಕ್ಕೆ ಜೋತುಬಿದ್ದಿತ್ತು. ತಲೆಯೆತ್ತಿ ನೋಡಿದವನು ಕೈಯಲ್ಲಿದ್ದ ಚೊಂಬು ಕೆಳಗಿಟ್ಟ.

"ಮಲ್ಲಿ ಅಲ್ಲೇನಲೇ ನೀನು?"

"ಹೂನಲೇ. ಇಷ್ಟ್ ವರ್ಸ ನಿನ್ನ ಹಿಂದ ಓಡಿ ಓಡಿ ಈಗ ಸಿಕ್ಕಿ ನೋಡು."

ಇಬ್ಬರೂ ನಕ್ಕರು. ಹೆಂಡತಿ ವಿರುಪಮ್ಮ ಚಾಪೆ ಹಾಸಿ, "ಕುಂದ್ರಿ ಅಣ್ಣಾ, ಚಾ ಮಾಡ್ತೀನಿ," ಎಂದು ಒಳಗೆ ಹೋದಳು. ಗಣಿ ಬಿಟ್ಟ ಮೇಲೆ ಮದುವೆಯಾದವಳು. ಗಂಡ ಹಿಂದೆ ಗುಡ್ಡದಲ್ಲಿ ಅದಿರು ತುಂಬುತ್ತಿದ್ದ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಮಲ್ಲಿಕಾರ್ಜುನ ದನಿ ತಗ್ಗಿಸಿ ಸನ್ಮಾನದ ವಿಷಯ ಹೇಳಿದ. "ನೀನು ಬಾ. ನನ್ನ ಕೈಗೆ ಮೈಕ್ ಕೊಡ್ತಾರ. ಇದ್ದದ್ದು ಇದ್ದಂಗ ಹೇಳ್ತೀನಿ."

"ಬ್ಯಾಡೋ ಮಾರಾಯ. ಅದು ಯಾವಾಗೋ ಮುಗದದ್ದು."

"ನನಗೆ ಮುಗದಿಲ್ಲ. ನಿನ್ನಂಥ ಆಟಗಾರನ್ನ ನಾನು ಮತ್ತ ನೋಡ್ಲಿಲ್ಲ. ಇದನ್ನ ಹೇಳಾಕ ನಾನೊಬ್ನ ಉಳದೀನಿ. ನಾನೂ ಹೋದ್ರ ಯಾರ್ ಹೇಳ್ತಾರ?"

ಜಂಬಯ್ಯ ಒದ್ದೆ ಕಾಲನ್ನೇ ನೋಡುತ್ತ ಕೂತ. ಆಮೇಲೆ ಕೇಳಿದ, "ಹೊನ್ನೂರುಸ್ವಾಮಿ ಹೆಂಗದಾನ?"

ಲಕ್ವದ ಸುದ್ದಿ ಹೇಳಿದಾಗ ಅವನ ಮುಖ ಸಣ್ಣದಾಯಿತು. "ಹಂಗಾರ ಬರ್ತೀನಿ. ಒಂದ್ಸಲ ಅವನ್ನ ನೋಡಿ ಬರಾಣ," ಎಂದ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಜಂಬಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹೊಸಪೇಟೆಯಿಂದ ಮೂವರೂ ಒಂದೇ ಬಸ್ಸಿನಲ್ಲಿ ಸಂಡೂರಿಗೆ ಹೋದರು. ಘಾಟಿ ಏರುವಾಗ ಜಂಬಯ್ಯ ಕಿಟಕಿಯಿಂದ ಗುಡ್ಡ ನೋಡುತ್ತ, ತಾನು ಕೆಲಸ ಮಾಡಿದ ಕಡೆಯನ್ನು ಹೆಂಡತಿಗೆ ತೋರಿಸಿದ. ಅಲ್ಲೀಗ ಗಿಡಗಂಟಿ ಬೆಳೆದಿತ್ತು.

ಕೋರ್ಟಿನ ಬದಿಗೆ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಹೊನ್ನೂರುಸ್ವಾಮಿ. ಪೇಟ ಸುತ್ತಿದ್ದರು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಪಕ್ಕದಲ್ಲಿ ಸೊಸೆ ಸುಧಾರಾಣಿ ಆಗಾಗ ಕರವಸ್ತ್ರದಿಂದ ಅವನ ತುಟಿ ಒರೆಸುತ್ತಿದ್ದಳು. ಅವಳ ತೊಡೆಯ ಮೇಲೆ ಮೊಮ್ಮಗಳು. "ನಮ್ಮ ತಾತ ಫುಲ್ ಫೇಮಸ್," ಎಂದು ಆ ಮಗು ಬಂದವರಿಗೆಲ್ಲ ಹೇಳುತ್ತಿತ್ತು.

ಜಂಬಯ್ಯ ಹತ್ತಿರ ಹೋಗಿ ಬಾಗಿ, "ಅಣ್ಣಾ, ನಾನು. ಜಂಬಯ್ಯ," ಎಂದ.

ಹೊನ್ನೂರುಸ್ವಾಮಿ ನೋಡಿದ. ಎಡಗೈಯಿಂದ ಜಂಬಯ್ಯನ ಅಂಗಿಯ ತೋಳು ಹಿಡಿದುಕೊಂಡ. ಗಂಟಲಿನಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಕಣ್ಣಿಂದ ನೀರು ಇಳಿಯತೊಡಗಿತು.

"ಹಳೇ ಮಂದಿನ್ನ ಕಂಡ್ರ ಅಪ್ಪಾಜಿ ಹಿಂಗ ಅಳ್ತಾರ್ರಿ, ಏನ್ ಅನ್ಕಬ್ಯಾಡ್ರಿ," ಎಂದು ಪ್ರವೀಣ ಮೆಲ್ಲಗೆ ಆ ಬೆರಳುಗಳನ್ನು ಬಿಡಿಸಿದ.

ಮೈಕಿನಲ್ಲಿ ಮಲ್ಲಿಕಾರ್ಜುನನ ಹೆಸರು ಕೂಗಿದರು. ಅವನು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಜಂಬಯ್ಯ ಹಿಂದಿನಿಂದ ಬಂದು ಮುಂಗೈ ಹಿಡಿದ.

"ಮಲ್ಲಿ, ಹೇಳ್ಬ್ಯಾಡ."

"ಬಿಡೋ. ಇದಕ್ಕಂತನ ಬಂದೀನಿ."

"ಅವ್ನ ಬಾಯಿ ಹೋಗೇತಿ. ಹೌದು ಅನ್ನಾಕೂ ಬರಲ್ಲ, ಅಲ್ಲ ಅನ್ನಾಕೂ ಬರಲ್ಲ. ಅಂಥವನ ಮ್ಯಾಲೆ ಮಂದಿ ಮುಂದ ಮಾತು ಹೇಳ್ತಿಯೇನು? ಆ ಕೂಸು ನೋಡು, ಅಲ್ಲಿ ಕುಂತೈತಿ. ನನ್ನಾಣಿ, ಬ್ಯಾಡ."

ಮಲ್ಲಿಕಾರ್ಜುನ ವೇದಿಕೆ ಹತ್ತಿದ. ಮೈಕಿನ ಮುಂದೆ ನಿಂತ. ಹೊನ್ನೂರುಸ್ವಾಮಿಯ ಹೆಸರು ಅವನ ನಾಲಿಗೆಗೆ ಬರಲಿಲ್ಲ, ಜಂಬಯ್ಯನ ಹೆಸರು ಎತ್ತುವಂತಿರಲಿಲ್ಲ. ಕೊನೆಗೆ, "ನಾನು ಒಬ್ಬ ಆಟಗಾರನ ಬಗ್ಗೆ ಹೇಳ್ತೀನಿ," ಎಂದು ಶುರುಮಾಡಿದ.

"ನನ್ನ ಕೆಲಸ ಅವನ್ನ ಕಾಯೋದು. ಹಿಂದಿನ ದಿನನ ನನಗೆ ಊಟ ಸೇರ್ತಿರ್ಲಿಲ್ಲ. ಈಗ ದೂರದಿಂದ ಹಾಕಿದ್ರ ಮೂರು ಪಾಯಿಂಟ್ ಕೊಡ್ತೀರಿ. ಆವಾಗ ನಮ್ಮ ಕಡೆ ಆ ಗೆರಿನ ಇರ್ಲಿಲ್ಲ. ಎಲ್ಲಿಂದ ಹಾಕಿದ್ರೂ ಎಲ್ಡ. ಅವನು ಬೋರ್ಡಿನ ಹತ್ರ ಬರ್ತಾನ ಇರ್ಲಿಲ್ಲ. ಈಗಿನ ಲೆಕ್ಕ ಹಿಡದ್ರ ಅವನ ಪಾಯಿಂಟ್ ಎಷ್ಟಾಗ್ತಿದ್ವೋ, ಯಾರಿಗ್ ಗೊತ್ತು. ಎಡಗೈ ಆಟ. ಎಡಗಡೆ ಬರ್ತಾನ ಅಂತ ನಾನು ಎಡಗಡೆ ಕಾದ್ರ ಒಂದು ಗಳಿಗಿ ನಿಲ್ತಿದ್ದ. ನಾನು ಜಿಗೀತಿದ್ದೆ. ನಾನು ಕೆಳಗ ಇಳಿಯೋ ಹೊತ್ತಿಗೆ ಅವನು ಮ್ಯಾಲೆ ಏಳ್ತಿದ್ದ. ನನ್ನ ಮುಖದ ಮುಂದ ಆ ಅಂಗೈ ಇರ್ತಿತ್ತು, ಸಲಿಕಿ ಹಿಡದು ಬೊಬ್ಬಿ ಎದ್ದ ಅಂಗೈ. ಒಡದ ಬೊಬ್ಬಿಯಿಂದ ಚೆಂಡಿಗೆ ರಕ್ತ ಹತ್ತಿದ್ದು ನಾನು ನೋಡೀನಿ. ಒಂದು ದಿನ ಸೈತ ಅವನು ಕೈ ನೋಯ್ತೈತಿ ಅನ್ಲಿಲ್ಲ. ಬಾಸ್ಕೆಟ್ ಬಿದ್ರ ಕುಣೀತಿರ್ಲಿಲ್ಲ, ತಲಿ ತಗ್ಗಿಸಿ ಹಿಂದಕ್ಕ ಓಡ್ತಿದ್ದ. ಯಾಕಂದ್ರ..."

ಅವನು ಅಲ್ಲಿಗೆ ನಿಂತ. ಜನ ಕಾದರು.

"ದೇಶಕ್ಕ ಆಡಬೇಕಾದ ಮನುಷ್ಯ. ನಮ್ಮ ಜಿಲ್ಲಾ ದಾಟಲಿಲ್ಲ. ಅವನ ಕೈಯಾಗ ಸೋತದ್ದು ನನ್ನ ಪುಣ್ಯ. ಇಷ್ಟ ನಾನು ಹೇಳೋದು."

ಚಪ್ಪಾಳೆ ಜೋರಾಗಿ ಬಿತ್ತು. ಎಲ್ಲರೂ ಗಾಲಿಕುರ್ಚಿಯ ಕಡೆ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಜಂಬಯ್ಯ ಎರಡೂ ಕೈಗಳನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ ವಿರುಪಮ್ಮ ಚಪ್ಪಾಳೆ ತಟ್ಟಲಿಲ್ಲ. ಗಂಡನ ಕೈಗಳನ್ನೇ ನೋಡುತ್ತಿದ್ದಳು.

ಹೊನ್ನೂರುಸ್ವಾಮಿಗೆ ಶಾಲು ಹೊದಿಸಿದರು. ಹೊದಿಸಿದ ಕೂಡಲೇ ಅವನು ಎಡಗೈಯಿಂದ ಅದನ್ನು ಎಳೆದು ತೆಗೆದ. ಮುದ್ದೆ ಮಾಡಿ ಹಿಡಿದು, ಹಿಂದಿನ ಸಾಲಿನ ಕಡೆಗೆ ಕೈ ಚಾಚಿದ. ಗಂಟಲಿನಿಂದ ಮತ್ತೆ ಅದೇ ಸದ್ದು. "ಸೆಖೆ ಆಗ್ತೈತೇನ್ರಿ ಅಪ್ಪಾಜಿ?" ಎಂದ ಪ್ರವೀಣ. ಮುದುಕ ತಲೆ ಅಲ್ಲಾಡಿಸಿದ, ಕೈ ಇನ್ನೂ ಮುಂದೆ ಚಾಚಿದ. ಸುಧಾರಾಣಿ ಶಾಲನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ತನ್ನ ಚೀಲದಲ್ಲಿ ಇಟ್ಟಳು. ಫೋಟೋದವನು ಎಲ್ಲರನ್ನೂ ಒತ್ತಾಗಿ ನಿಲ್ಲಲು ಹೇಳಿದ. ಹೊನ್ನೂರುಸ್ವಾಮಿಯ ಬರಿಗೈ ಗಾಳಿಯಲ್ಲೇ ಇತ್ತು. ಮೊಮ್ಮಗಳು ಅದನ್ನು ಹಿಡಿದು ತನ್ನ ಭುಜದ ಮೇಲೆ ಇಟ್ಟುಕೊಂಡಳು.

ಊಟಕ್ಕೆ ನಿಲ್ಲಿರೆಂದರೂ ಮೂವರೂ ನಿಲ್ಲಲಿಲ್ಲ. ಸಂಡೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೊಸಪೇಟೆ ಬಸ್ಸಿಗೆ ಕಾಯುತ್ತ ಕೂತರು. ಬಿಸಿಲು ಕಾಲ ಬುಡದವರೆಗೆ ಬಂದಿತ್ತು. ವಿರುಪಮ್ಮ ಮಲ್ಲಿಕಾರ್ಜುನನ ಕಡೆ ತಿರುಗಿದಳು.

"ಅಣ್ಣಾ, ಒಂದ್ ಮಾತು ಕೇಳ್ಲಾ? ನೀವು ಹೇಳಿದ್ದು ಆ ಕುರ್ಚಿಮ್ಯಾಲೆ ಕುಂತವ್ರ ಬಗ್ಗೆ ಅಲ್ಲ, ಹೌದಿಲ್ಲ?"

ಮಲ್ಲಿಕಾರ್ಜುನ ಜಂಬಯ್ಯನ ಮುಖ ನೋಡಿದ.

"ನಾನು ಮದುವಿ ಆಗಿ ಬಂದಾಗ ಇವ್ರ ಎಡಗೈ ಅಂಗೈ ಕಟಿಗಿಯಂಗ ಇತ್ತು," ಎಂದವಳು ಗಂಡನ ಕಡೆ ತಿರುಗಿ ಕೇಳಿದಳು, "ಯಾಕ್ರೀ ಹೇಳ್ಲಿಲ್ಲ ನನಗ? ಇಷ್ಟು ವರ್ಸ? ಒಂದು ಮಾತು?"

"ಏನಂತ ಹೇಳ್ಲಿ ವಿರುಪಿ? ಎಲ್ಲಾ ಅವನ ಹೆಸರಾಗ ಐತಿ. ನಂದು ಅಂತ ತೋರ್ಸಾಕ ಏನೈತಿ?"

"ನಾನೇನು ತೋರ್ಸ್ರಿ ಅಂತಿದ್ನಾ?" ಎಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಮತ್ತೆ ಕೇಳಿದಳು, "ನಮ್ಮ ಮಂದಿಯಾಗ ಯಾರಾದ್ರೂ ನೋಡೀದ್ರೇನು ನೀವು ಆಡಿದ್ದು?"

ಜಂಬಯ್ಯ ರಸ್ತೆಯ ಕಡೆ ನೋಡುತ್ತ ಹೇಳಿದ. ಇದು ಮಲ್ಲಿಕಾರ್ಜುನನಿಗೂ ಗೊತ್ತಿರಲಿಲ್ಲ.

"ಅಪ್ಪ ಒಂದ್ಸಲ ಬಂದಿದ್ದ. ಅದಿರು ಲಾರಿ ಹಿಡಕಂಡು ಬಂದಿದ್ದ, ರೊಟ್ಟಿ ಗಂಟು ಕಟ್ಟಿಗ್ಯಂಡು. ಅವನಿಗೆ ಆಗ ಕಣ್ಣಾಗ ಪೊರಿ, ದೂರದ್ದು ಕಾಣ್ತಿರ್ಲಿಲ್ಲ. ಮಂದಿ ಹಿಂದ ನಿಂತು ಕೇಳಿಸ್ಕಂಡಾನ. ಅವತ್ತು ನನ್ನ ಕೈಗೆ ಏನಾಗಿತ್ತೋ, ಹಾಕಿದ್ದೆಲ್ಲಾ ಬಿತ್ತು. ಮಂದಿ ಕೂಗಿದ್ದ ಕೂಗಿದ್ದು, ಹೊನ್ನೂರುಸ್ವಾಮಿ, ಹೊನ್ನೂರುಸ್ವಾಮಿ ಅಂತ. ಆಟ ಮುಗದ ಮ್ಯಾಲೆ ಅಪ್ಪನ ಹತ್ರ ಹೋದೆ. 'ನಿನ್ನ ಆಡಾಕ ಬಿಡ್ಲಿಲ್ಲೇನೋ ಮಗನೆ?' ಅಂದ. ಪಕ್ಕದಾಗ ಟೂರ್ನಮೆಂಟಿನ ಸಾಹೇಬ್ರು ನಿಂತಿದ್ರು. ನಾನು, 'ಇಲ್ಲಪ್ಪ, ಇವತ್ತು ಕುಂದ್ರಿಸಿದ್ರು' ಅಂದೆ."

"ಅದಕ್ಕ ಮಾವ ಏನಂದ್ರು?"

"'ಆಗ್ಲಿ ಬಿಡು, ಮುಂದಿನ ಸಲ ಆಡ್ಸ್ತಾರ' ಅಂತ ಬೆನ್ನ ಮ್ಯಾಲೆ ಕೈ ಆಡಿಸಿದ. ಅಂಗಿ ಬೆವತು ತೊಯ್ದು ತಪ್ಪಡಿ ಆಗಿತ್ತು. 'ಸುಮ್ನ ಕುಂತು ಇಷ್ಟ್ಯಾಕ ಬೆವತೀ?' ಅಂದ. ರೊಟ್ಟಿ ಗಂಟು ಕೈಗೆ ಕೊಟ್ಟು ಲಾರಿ ಹತ್ತಿದ."

"ಆಮ್ಯಾಲಾದ್ರೂ ಹೇಳಬೇಕಿತ್ತಿಲ್ಲ?"

"ದೀಪಾವಳಿಗೆ ಊರಿಗೆ ಹೋದಾಗ ಹೇಳಾಣ ಅನ್ಕಂಡಿದ್ದೆ. ದೀಪಾವಳಿ ತನಕ ಅಪ್ಪ ಇರ್ಲಿಲ್ಲ."

ಹೊಸಪೇಟೆ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಊರ ಹೆಸರು ಕೂಗಿದ. ಜಂಬಯ್ಯ ಏಳಲಿಲ್ಲ. ಬೆಂಚಿನ ಮೇಲೆ ಬಾಗಿ ಕೂತು, ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದು ಅಳುತ್ತಿದ್ದ. ವಿರುಪಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಮಲ್ಲಿಕಾರ್ಜುನ ಬಸ್ಸಿನ ಬಾಗಿಲವರೆಗೆ ನಡೆದು ಹೋಗಿ, "ನೀವು ಹೋಗ್ರಿ. ನಾವು ಮುಂದಿನ ಬಸ್ಸಿಗೆ ಬರ್ತೀವಿ," ಎಂದ.