ಹಿಂದಿನ ಚಕ್ರ, ಮುಂದಿನ ಚಕ್ರ

ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುವ ಇಬ್ಬರು ಗಂಡಸರು ಮಾತು ಬಿಟ್ಟರೆ ಅದರ ಪಾಡು ಪಡುವವರು ಮೂರನೆಯವರು. ಇಲ್ಲಿ ಆ ಮೂರನೆಯವಳು ನರ್ಸು. ಅವಳ ಗಂಡ ಸ್ಕೂಟರ್ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಅವಳ ತಮ್ಮ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವವನು. ಶೆಡ್ಡಿನ ಬಲಭಾಗ ಗಂಡನದು, ಎಡಭಾಗ ತಮ್ಮನದು, ನಡುವೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗೆರೆ ಎಳೆದವನು ಮೆಕ್ಯಾನಿಕ್. ಅಳಿಸಿಹೋದಾಗಲೆಲ್ಲ ಮತ್ತೆ ಎಳೆದು ದಪ್ಪ ಮಾಡಿದವನು ಭಾಮೈದ. ಹಟದಲ್ಲಿ ಯಾರೂ ಯಾರಿಗೂ ಕಡಿಮೆ ಇರಲಿಲ್ಲ.

ಜಗಳ ಹುಟ್ಟಿದ್ದು ಊಟದ ಹೊತ್ತಿನಲ್ಲಿ, ಅವಳ ಸೈಕಲ್ಲಿನ ವಿಷಯಕ್ಕೆ. ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಪಟ್ಟಿ ಕಟ್ಟಿ ಬರುವುದು ಅವಳ ಕೆಲಸ. ಮಂಡಿನೋವು ಶುರುವಾದ ಮೇಲೆ ಆ ಏರು ತುಳಿಯುವುದು ಅವಳಿಂದ ಆಗುತ್ತಿರಲಿಲ್ಲ. ಸೈಕಲ್ಲಿಗೆ ಒಂದು ಮೋಟರ್ ಹಾಕಿಕೊಡಿ ಎಂದಳು. ಕೇಳಿದ್ದು ಅಷ್ಟೇ.

"ಪೆಟ್ರೋಲ್ ಎಂಜಿನ್ ಕೂರಿಸ್ತೀನಿ. ಗುಡ್ಡ ಏನು, ಗೋಡೆ ಬೇಕಾದ್ರೂ ಹತ್ತುತ್ತೆ" ಎಂದ ಗಂಡ.

"ಅಕ್ಕ, ಆ ಹೊಗೆ ಡಬ್ಬ ಬೇಡ. ಕರೆಂಟಿಂದು ಹಾಕೋಣ, ಸದ್ದಿಲ್ಲ ಗದ್ದಲ ಇಲ್ಲ" ಎಂದ ತಮ್ಮ.

"ಫ್ಯಾನ್ ಕಟ್ಕೊಂಡು ಗುಡ್ಡ ಹತ್ತೋದಾ? ಗಾಳಿ ಮಾತ್ರ ಚೆನ್ನಾಗಿ ಬರುತ್ತೆ ಬಿಡು."

"ನಿಮ್ಮ ಎಂಜಿನ್ನ ಗುಜರಿಯೋನೂ ಮೂಸಿ ನೋಡಲ್ಲ ಭಾವ."

ಇಬ್ಬರೂ ಅರ್ಧ ಊಟಕ್ಕೇ ಎದ್ದರು. ಅಂದಿನಿಂದ ಮಾತೆಲ್ಲ ಅವಳ ಮೂಲಕ. "ಅವನಿಗೆ ಹೇಳು, ನನ್ನ ಸ್ಪ್ಯಾನರ್ ವಾಪಸ್ ಇಡ್ಲಿ" ಎಂದು ಗಂಡ ಗೋಡೆ ನೋಡಿಕೊಂಡು ಹೇಳುವುದು. "ಅಕ್ಕ, ಭಾವಂಗೆ ಹೇಳು, ಅದು ನಂದೇ" ಎಂದು ತಮ್ಮ ಸೂರು ನೋಡಿಕೊಂಡು ಹೇಳುವುದು. ಇಬ್ಬರ ನಡುವೆ ಇದ್ದದ್ದು ಮಾರುದೂರ.

ತಿಂಗಳುಗಟ್ಟಲೆ ಹೀಗೇ ನಡೆದು, ಕೊನೆಗೆ ಅವಳ ತಾಳ್ಮೆ ಕೆಟ್ಟಿತು. "ಹಿಂದಿನ ಚಕ್ರ ಇವರದು, ಮುಂದಿನ ಚಕ್ರ ನಿಂದು. ಇಬ್ಬರೂ ನಿಮ್ಮ ನಿಮ್ಮದು ಹಾಕಿ. ಗುಡ್ಡ ಹತ್ತಿ ಬರ್ತೀನಿ. ಯಾವುದು ಒಗ್ಗುತ್ತೋ ಅದು ಇರುತ್ತೆ, ಇನ್ನೊಂದನ್ನ ಬಿಚ್ಚಿ ಎಸೀರಿ. ಆಮೇಲೆ ಯಾರೂ ತುಟಿಪಿಟಕ್ ಅನ್ನೋ ಹಾಗಿಲ್ಲ!"

ಸರಿ, ಸೈಕಲ್ಲು ಗೆರೆಯ ಮೇಲೆಯೇ ನಿಂತಿತು. ಬೆಳಿಗ್ಗೆ ಒಬ್ಬ, ಸಂಜೆ ಇನ್ನೊಬ್ಬ. ಮೆಕ್ಯಾನಿಕ್ ಹಿಂದಿನ ಚಕ್ರಕ್ಕೆ ಎಂಜಿನ್ನಿನ ಚೈನು ಎಳೆದ. ಭಾಮೈದ ಮುಂದಿನ ಚಕ್ರವನ್ನೇ ಬದಲಿಸಿ, ಹೊಟ್ಟೆಯಲ್ಲಿ ಮೋಟರ್ ಇರುವ ಚಕ್ರ ಹಾಕಿದ. ಇನ್ನೊಬ್ಬನ ಕೆಲಸದ ಕಡೆ ಕಣ್ಣು ಹಾಯಿಸಿದರೆ ಸೋತ ಹಾಗೆ ಎಂದು ಇಬ್ಬರೂ ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಹಾಗಾಗಿ ಯಾರೂ ನೋಡಲಿಲ್ಲ.

ಎರಡೂ ಕೂರಿಸಿ ಮುಗಿದ ದಿನ ಮಧ್ಯಾಹ್ನ ಅವಳು ಚೀಲ ಕಟ್ಟಿಕೊಂಡು ಸೈಕಲ್ ಹತ್ತಿದಳು. ಇಂಜೆಕ್ಷನ್ ಕೊಡುವ ಮುಂಚೆ ಸಿರಿಂಜ್ ನೋಡುವ ಹಾಗೆ, ಎರಡೂ ಲಿವರುಗಳನ್ನು ಒತ್ತಿ ನೋಡಿದಳು. ಎರಡೂ ಬಿಗಿಯಾಗಿದ್ದವು.

"ಎಡಗಡೇದು ಈಗ ಕ್ಲಚ್ಚು" ಎಂದ ಗಂಡ. "ನಿಲ್ಲೋವಾಗ ಅದನ್ನ ಹಿಡಿ. ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡ್ಕೊಂಡೇ ಬಾ. ಸುಮ್ನೆ ಪೆಟ್ರೋಲ್ ಯಾಕೆ ಸುಡ್ಬೇಕು."

ಎಂಜಿನ್ ಕೆಮ್ಮಿ, ಉಗುಳಿ, ಹೊರಟಿತು. ಸದ್ದು ಮೊದಲ ತಿರುವು ದಾಟುವವರೆಗೂ ಮೆಕ್ಯಾನಿಕ್ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತಿದ್ದ. ಆಮೇಲೆ ಸದ್ದು ನಿಂತೇಹೋಯಿತು. ಅವನ ಎದೆಯೂ ಇಳಿಯಿತು. ಒಳಗೆ ಭಾಮೈದ ಬೇಕೆಂದೇ ಶಿಳ್ಳೆ ಹಾಕುತ್ತಿದ್ದ. ಪೆಟ್ರೋಲ್ ಕೈಕೊಟ್ಟ ಮೇಲೆ ಅಕ್ಕ ಬ್ಯಾಟರಿಯಲ್ಲೇ ಹತ್ತುತ್ತಿರುತ್ತಾಳೆ ಎಂದು ಅವನ ಖುಷಿ.

ಮುಖ ಮರೆಸಿಕೊಳ್ಳಲು ಮೆಕ್ಯಾನಿಕ್ ತನ್ನ ಬೆಂಚು ಒರೆಸತೊಡಗಿದ. ಬಿಚ್ಚಿದ ಸಾಮಾನು ಹಾಕುವ ಡಬ್ಬದಲ್ಲಿ ಹಿಂದಿನ ಬ್ರೇಕು ಬಿದ್ದಿತ್ತು. ಎಂಜಿನ್ನಿನ ದೊಡ್ಡ ಹಲ್ಲುಗಾಲಿಗೆ ಅಡ್ಡ ಬರುತ್ತಿದೆ ಎಂದು ಅವನೇ ಬಿಚ್ಚಿ, ಅದರ ಲಿವರನ್ನು ಕ್ಲಚ್ಚಿಗೆ ಕಟ್ಟಿದ್ದ. ಮುಂದಿನ ಬ್ರೇಕ್ ಒಂದಿದ್ದರೆ ಸಾಕಲ್ಲ ಎಂದುಕೊಂಡಿದ್ದ. ಅದನ್ನು ಎತ್ತಿಡುವಾಗ, ಎಷ್ಟೋ ತಿಂಗಳ ಮೇಲೆ, ಕಣ್ಣು ತಾನಾಗಿಯೇ ಗೆರೆ ದಾಟಿತು. ಭಾಮೈದನ ಡಬ್ಬದಲ್ಲೂ ಒಂದು ಬ್ರೇಕ್ ಇತ್ತು, ರಬ್ಬರಿನ ಸಮೇತ.

ಅವನು ಗೆರೆಯ ಅಂಚಿಗೆ ಬಂದು ನಿಂತ.

"ಅದು ಯಾವ ಬ್ರೇಕು?" ಎಂದ.

ಭಾಮೈದ ಶಿಳ್ಳೆ ನಿಲ್ಲಿಸಿದ. ಭಾವ ನೇರವಾಗಿ ತನ್ನನ್ನೇ ಕೇಳಿದ್ದಾನೆ ಎಂದು ನಂಬಲು ಅವನಿಗೆ ಒಂದು ಗಳಿಗೆ ಬೇಕಾಯಿತು. "ಮುಂದಿಂದು. ಹೊಸ ಚಕ್ರದ ರಿಮ್ಮು ಸಣ್ಣದು, ರಬ್ಬರು ತಾಗ್ತಿರ್ಲಿಲ್ಲ. ಅದಕ್ಕೇ ಬಿಚ್ಚಿದೆ."

"ಮತ್ತೆ ಬಲಗಡೆ ಲಿವರು?"

"ಅದು ಕರೆಂಟ್ ಕಟ್ ಮಾಡೋ ಸ್ವಿಚ್ಚು. ಒಳಗೆ ಸ್ಪ್ರಿಂಗ್ ಇದೆ, ಬಿಗಿಯಾಗೇ ಇರುತ್ತೆ. ಯಾಕೆ ಭಾವ, ಹಿಂದಿನ ಬ್ರೇಕ್ ಇದೆಯಲ್ಲ?"

ಮೆಕ್ಯಾನಿಕ್ ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದ.

"ಅಯ್ಯೋ" ಎಂದ ಭಾಮೈದ.

"ನನ್ನ ಮೋಟರೇ ಬ್ರೇಕಿನ ಹಾಗೆ ಚಕ್ರ ಹಿಡಿಯುತ್ತೆ ಅಂತ ಅಕ್ಕನ ಹತ್ತಿರ ಜಂಬ ಕೊಚ್ತಿದ್ಯಲ್ಲೋ?"

"ಆ ಬ್ರೇಕಿನ ವೈರ್ ಇನ್ನೂ ಜೋಡಿಸಿಲ್ಲ. ನಿಮ್ಮದು ಇದೆಯಲ್ಲ ಅಂತ..."

ಫೋನ್ ಮಾಡಿದರು. ಅವಳ ಫೋನು ಅಲ್ಲೇ, ಭಾಮೈದನ ಬೆಂಚಿನ ಮೇಲೆ, ಚಾರ್ಜಿಗೆ ಹಾಕಿದ ಕಡೆಯೇ ಹೊಡೆದುಕೊಂಡಿತು. ಶೆಡ್ಡಿನ ತುಂಬ ಸ್ಕೂಟರುಗಳಿದ್ದವು, ಒಂದರ ಹೊಟ್ಟೆಯಲ್ಲೂ ಎಂಜಿನ್ ಇರಲಿಲ್ಲ. ಗುಡ್ಡದ ರಸ್ತೆ ಶೆಡ್ಡಿನ ಮುಂದೆಯೇ ಇಳಿದು, ಸ್ವಲ್ಪ ಕೆಳಗೆ ಲಾರಿಗಳು ಓಡುವ ದೊಡ್ಡ ರಸ್ತೆಗೆ ಹೋಗಿ ಬೀಳುತ್ತಿತ್ತು. ಅಲ್ಲಿ ಬ್ರೇಕಿಲ್ಲದೆ ಬಂದವರ ಗತಿಯನ್ನು ಊಹಿಸಲು ಮೆಕ್ಯಾನಿಕ್ಕಿಗೆ ಧೈರ್ಯ ಬರಲಿಲ್ಲ.

"ಟೈರುಗಳು!" ಎಂದ. ಇಬ್ಬರೂ ಹಳೆಯ ಟೈರುಗಳನ್ನು ದರದರ ಎಳೆದು ತಂದು ಶೆಡ್ಡಿನ ಮುಂದೆ ರಸ್ತೆಗೆ ಅಡ್ಡ ಗುಡ್ಡೆ ಹಾಕಿದರು. ಆಮೇಲೆ ಏರಿನಲ್ಲಿ ಓಡಿದರು. ಮೆಕ್ಯಾನಿಕ್ಕಿಗೆ ಹೊಟ್ಟೆ ಬಂದಿತ್ತು, ಉಸಿರು ಸಿಕ್ಕುತ್ತಿರಲಿಲ್ಲ. ಆದರೂ ಓಡುತ್ತಲೇ ಹೇಳಿದ.

"ಕ್ಲಚ್ ಬಿಟ್ರೆ... ಎಂಜಿನ್ ಚಕ್ರಕ್ಕೆ ಕಚ್ಕೊಳ್ಳುತ್ತೆ. ಆಫ್ ಇದ್ರೂ ಸರಿ, ಹಿಡಿದು ಎಳೆಯುತ್ತೆ. ಅವಳು ಎಡಗೈ ಬಿಡ್ಬೇಕು. ನಾನು ಹಿಡ್ಕೊಂಡೇ ಬಾ ಅಂದುಬಿಟ್ಟಿದ್ದೀನಿ ಕಣೋ."

ಬೇರೆ ದಿನವಾಗಿದ್ದರೆ ಭಾಮೈದ ಇದಕ್ಕೆ ಏನಾದರೊಂದು ಕೊಂಕು ತೆಗೆಯದೆ ಬಿಡುತ್ತಿರಲಿಲ್ಲ. ಈಗ "ಎಡಗೈ" ಎಂದು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿಕೊಂಡ.

ಮೆಕ್ಯಾನಿಕ್ ಓಡುತ್ತಲೇ ಕಿವಿಗೊಟ್ಟಿದ್ದ. ಎಂಜಿನ್ನಿನ ಸದ್ದು ಕೇಳಿಸಿದರೆ ಕ್ಲಚ್ ಬಿಟ್ಟಿದ್ದಾಳೆ, ಬದುಕಿದೆವು ಎಂದು ಅರ್ಥ. ಜೀವಮಾನದಲ್ಲಿ ಯಾವ ಎಂಜಿನ್ನಿನ ಸದ್ದಿಗೂ ಅವನು ಹೀಗೆ ಹಂಬಲಿಸಿರಲಿಲ್ಲ. ಕೇಳಿಸಿದ್ದು ಮಹಡಿಯೊಂದರಲ್ಲಿ ಯಾರೋ ಬಟ್ಟೆ ಒದರುವ ಸದ್ದು, ಎಲ್ಲೋ ಒಂದು ನಾಯಿ. ರಸ್ತೆ ತಣ್ಣಗಿತ್ತು.

ಅಷ್ಟರಲ್ಲಿ ಅವಳು ತಿರುವಿನಲ್ಲಿ ಕಂಡಳು. ಸದ್ದೇ ಇಲ್ಲದೆ, ಬಿಟ್ಟ ಬಾಣದ ಹಾಗೆ ಬರುತ್ತಿದ್ದಳು. ಎರಡೂ ಲಿವರುಗಳನ್ನು ಮುಷ್ಟಿ ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಚಪ್ಪಲಿ ನೆಲಕ್ಕೆ ಉಜ್ಜುತ್ತಿದ್ದಳು.

"ಎಡಗೈ ಬಿಡು!" ಎಂದು ಮೆಕ್ಯಾನಿಕ್ ಗಂಟಲು ಹರಿಯುವಂತೆ ಕೂಗಿದ.

"ಎಡಗೈ ಬಿಡು ಅಕ್ಕ! ಎಡಗೈ!" ಎಂದು ಭಾಮೈದ ಕೂಗಿದ.

ಇಳಿಜಾರಿನಲ್ಲಿ ಜಾರುತ್ತಿರುವವರಿಗೆ ಹಿಡಿದದ್ದನ್ನು ಬಿಡು ಎನ್ನುವುದು ಎಂಥ ಮಾತು! ಅವಳು ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. ಎಡಗೈ ಬಿಟ್ಟಳು.

ಎಂಜಿನ್ ಕಚ್ಚಿಕೊಂಡು ಗೊರಗೊರ ಎಂದಿತು. ಹಿಂದಿನ ಚಕ್ರ ಕಿರುಗುಟ್ಟಿ, ಸೈಕಲ್ಲು ಅತ್ತಿತ್ತ ಹೊಯ್ದಾಡಿ, ವೇಗ ಮುರಿಯಿತು. ಮೆಕ್ಯಾನಿಕ್ ಕ್ಯಾರಿಯರಿಗೆ ಜೋತುಬಿದ್ದ, ಭಾಮೈದ ಹ್ಯಾಂಡಲ್ಲಿಗೆ ಅಡ್ಡ ಬಂದ. ಮೂವರೂ ಒಬ್ಬರನ್ನೊಬ್ಬರು ಎಳೆದುಕೊಂಡು ಕೆಳಗೆ ಬಂದು ಟೈರಿನ ಗುಡ್ಡೆಯ ಮೇಲೆ ಉರುಳಿದರು. ಮುಂದೆ ದೊಡ್ಡ ರಸ್ತೆಯಲ್ಲಿ ಒಂದು ಲಾರಿ ಹಾರನ್ ಹೊಡೆದುಕೊಂಡು ಹೋಯಿತು.

ಮೆಕ್ಯಾನಿಕ್ಕನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವನಿಗೆ ಅಳು ಬಂದಿತ್ತು, ನಾಚಿಕೆಯೂ ಆಗಿತ್ತು. ಅವಳು ಕೂತಲ್ಲೇ ಚೀಲ ತೆರೆದು ಹತ್ತಿ ತೆಗೆದಳು. ನಡೆದದ್ದೇನು ಎಂದು ಇಬ್ಬರೂ ತಡವರಿಸಿಕೊಂಡು ಹೇಳಿದರು. ಬೈಗಳಿಗೆ ತಲೆ ತಗ್ಗಿಸಿ ಕೂತರು. ಬೈಗಳು ಬರಲಿಲ್ಲ.

"ಬಿಡು ಅಂದಾಗ ತಲೆ ಕೆಟ್ಟಿದೆಯಾ ಇವರಿಗೆ ಅನ್ನಿಸ್ತು" ಎಂದಳು. "ಒಬ್ಬರೇ ಹೇಳಿದ್ರೆ ಖಂಡಿತ ಬಿಡ್ತಿರ್ಲಿಲ್ಲ ರೀ. ನೀವಿಬ್ರೂ ಒಂದೇ ಮಾತು ಹೇಳಿದ್ದನ್ನ ಕೇಳಿದ್ದು ಇದೇ ಮೊದಲು. ಅದಕ್ಕೇ ಬಿಟ್ಟೆ."

ಮೊಣಕೈಗೆ ಪಟ್ಟಿ ಕಟ್ಟುವಾಗ ಅವಳು ಮೂಗು ಸಿಂಡರಿಸಿದಳು. ತಿರುವಿನಲ್ಲಿ ನಿಂತುಹೋದ ಎಂಜಿನ್ನನ್ನು ತಡಕಿ ನೋಡಿ, ಆಮೇಲೆ ಬ್ಯಾಟರಿಯಲ್ಲೇ ಹತ್ತಿದ್ದಳಂತೆ. ಗುಡ್ಡದ ಮೇಲೆ ಮೊದಲ ಮನೆಯಲ್ಲೇ, ನಿನ್ನ ಕೈಯೆಲ್ಲ ಪೆಟ್ರೋಲ್ ವಾಸನೆ ಎಂದು ಮಲಗಿದ್ದಾಕೆ ಮುಖ ತಿರುಗಿಸಿದ್ದಳಂತೆ. ಸೋಪು ಹಾಕಿ ತೊಳೆದರೂ ಹೋಗಲಿಲ್ಲವಂತೆ. "ಕರೆಂಟಿಂದೇ ಇರ್ಲಿ" ಎಂದಳು. ತಮ್ಮ ಗೆದ್ದೆ ಎಂದು ನಗಲಿಲ್ಲ. "ಬಿಚ್ಚೋದೇನೂ ಬೇಡ ಅಕ್ಕ, ನಿನ್ನ ಉಳಿಸಿದ್ದು ಭಾವನ ಎಂಜಿನ್ನು" ಎಂದ.

"ಬಾಯಿ ಮುಚ್ಚೋ" ಎಂದ ಮೆಕ್ಯಾನಿಕ್. "ಅದು ಬೇಡ ಅಂದ್ಳಲ್ಲ."

ಅವನು ಎದ್ದು ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದ. ಎಂಜಿನ್ನಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಬದಿಗಿಟ್ಟ. ಬಿಚ್ಚುವಾಗ ಸಂಕಟವಾಯಿತು, ಇಲ್ಲ ಎಂದರೆ ಸುಳ್ಳಾದೀತು. ಹಿಂದಿನ ಬ್ರೇಕು ಕೂರಿಸಿ, ಚಕ್ರ ತಿರುಗಿಸಿ, ಹಿಡಿದು, ಮತ್ತೆ ತಿರುಗಿಸಿ ನೋಡಿದ. ಆಮೇಲೆ ಗೆರೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮುಂದಿನ ಚಕ್ರದ ಕಡೆ ಬಗ್ಗಿದ. ಅವಳು ಅಭ್ಯಾಸಬಲದಿಂದ ಬಾಗಿಲಿಗೆ ಬಂದು ನಿಂತಳು.

"ಅವನಿಗೆ ಏನಾದ್ರೂ ಹೇಳ್ಬೇಕಾ?"

"ಬೇಡ, ನೀನು ಹೋಗಿ ಮಲ್ಕೋ" ಎಂದ ಮೆಕ್ಯಾನಿಕ್. ತಲೆ ಎತ್ತಿ, ಗೆರೆಯಾಚೆ ನಿಂತಿದ್ದ ಭಾಮೈದನನ್ನೇ ನೋಡಿ ಕೇಳಿದ: "ಆ ಬ್ರೇಕಿನ ವೈರು ಎಲ್ಲಿಗೆ ಬರುತ್ತೋ? ಬಾ, ತೋರ್ಸು."