ಬೆಚ್ಚಗಿದ್ದ ಬಾನೆಟ್ಟು

ಹಳೇ ಗಾಡಿ ನೋಡಲು ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಬೇಕು: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ರಾಹುಲ್ ಅದನ್ನು ಹೇಳಿರಲಿಲ್ಲ. ನಂಜನಗೂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜು ಇಟ್ಟಿರುವ ನಾನಾದರೂ ನೆನಪಿಸಬೇಕಿತ್ತು, ನೆನಪಿಸಲಿಲ್ಲ.

ರಾಹುಲ್ ತಾಂಡವಪುರದವನು, ಫ್ಯಾಕ್ಟರಿ ಕೆಲಸ. ಅವನ ತಾಯಿ ಮಹದೇವಮ್ಮನಿಗೆ ವಾರಕ್ಕೆರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್. ಹೋಗುವಾಗ ಬಸ್ಸು ಪರವಾಗಿಲ್ಲ, ಬರುವಾಗ ಆಕೆಗೆ ಕೂರಲೂ ಆಗುವುದಿಲ್ಲ. ಅದೇ ಬೀದಿಯ ಇನ್ನಿಬ್ಬರು ಹೆಂಗಸರದೂ ಇದೇ ಪಾಡು. ಸೋಮವಾರದಿಂದ ಮೂವರನ್ನೂ ತಾನೇ ಕರೆದೊಯ್ಯುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ.

"ಮಾದಣ್ಣ, ಬಣ್ಣ ಎಂಗಾರ ಇರ್ಲಿ. ದಾರೀಲಿ ನಿಲ್ಲಬಾರ್ದು, ಅಷ್ಟೇಯ" ಎಂದಿದ್ದ ನನ್ನ ಹತ್ತಿರ.

ಶನಿವಾರ ಇಬ್ಬರೂ ನನ್ನ ಬೈಕಿನಲ್ಲಿ ತಿ. ನರಸೀಪುರ ದಾಟಿ ಮುಡುಕುತೊರೆ ತಲುಪಿದಾಗ ಎಂಟೂವರೆ. ಗಾಡಿ ಮಾರಲಿದ್ದ ಶಿವಮಲ್ಲಪ್ಪನವರ ಮನೆ ಮುಂದೆ ಹನ್ನೆರಡು ವರ್ಷದ ಎಸ್‌ಯುವಿ ಮದುಮಗನ ಹಾಗೆ ನಿಂತಿತ್ತು. ಹಣೆಗೆ ಮೂರೆಳೆ ವಿಭೂತಿ, ಕನ್ನಡಿಗೆ ಸೇವಂತಿಗೆ. ಬಾನೆಟ್ಟಿನ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು. ಎತ್ತಿ ನೋಡಿದರೆ ಇಂಜಿನ್ನು ಎಲೆ ಹಾಕಿ ಬಡಿಸಬಹುದಾದಷ್ಟು ಚೊಕ್ಕ.

ರಾಹುಲ್‌ನನ್ನು ಪಕ್ಕಕ್ಕೆ ಕರೆದೆ. "ಇಂಜಿನ್ ತೊಳ್ದವ್ರೆ. ಎಲ್ಲಿ ಸೋರ್ತಿತ್ತೋ ಗೊತ್ತಾಗಕಿಲ್ಲ. ಬಿಸೀನೂ ಮಾಡವ್ರೆ. ತಣ್ಣಗಿರೋವಾಗ ಎಷ್ಟು ತಿಣುಕ್ತದೆ, ಎಂಥ ಹೊಗೆ ಬುಡ್ತದೆ, ಅದೂ ಗೊತ್ತಾಗಕಿಲ್ಲ."

"ಮೋಸ ಕಣಣ್ಣ. ನಡಿ ಓಗವ."

ಶಿವಮಲ್ಲಪ್ಪನವರ ಕಿವಿ ಚುರುಕಾಗಿತ್ತು. "ಯಾರಪ್ಪ ಮೋಸ ಮಾಡ್ದೋರು?"

"ಗಾಡಿ ಯಾಕ್ ತೊಳುದ್ರಿ ಸಾ?" ರಾಹುಲ್ ನೇರವಾಗಿಯೇ ಕೇಳಿದ.

"ತೊಳೀದೆ ಕೊಟ್ಟಾರ? ನಮ್ಮಪ್ಪ ಎತ್ತು ಕೊಡುವಾಗ್ಲೂ ಒಳೇಲಿ ಮೈ ತೊಳ್ದು, ವಿಭೂತಿ ಇಟ್ಟು, ಒಟ್ಟೆ ತುಂಬ ಮೇಯ್ಸಿ, ನಾಕೆಜ್ಜೆ ನಡ್ಸೇ ಕೊಡೋರು. ಕೊಳೆ ಮೈನಲ್ಲಿ ಮನೆಯಿಂದ ಕಳ್ಸಬಾರ್ದು."

ಒಳಗಿನಿಂದ ಅವರ ಹೆಂಡತಿ ರುದ್ರಮ್ಮನ ದನಿ ಬಂತು. "ಐದು ಗಂಟೆಗೇ ಎದ್ದು ಪಂಪ್‌ಸೆಟ್ ಪೈಪ್ ಇಡ್ಕಂಡು ಉಜ್ತಾ ಇದ್ರು ಕಣ್ರಪ್ಪ. ನಂಗೊಂದಿನ ಬಕೀಟ್ ಎತ್ಕೊಟ್ಟಿಲ್ಲ ಈ ಯಪ್ಪ."

ರಾಹುಲ್ ನಗು ತಡೆದುಕೊಂಡ. ನಾನೆಂದೆ, "ಎತ್ತು ಕೊಳ್ಳೋನು ಒಟ್ಟೆ ಖಾಲಿ ಇದ್ದಾಗ್ಲೇ ನೋಡ್ಬೇಕು ಅಂತಾನಲ್ವ ಸಾ? ಇದೂ ತಣ್ಣಗಾಗ್ಲಿ. ಕೂತಿರ್ತೀವಿ."

ಇಂಜಿನ್ನಿನ ಕೆಳಗೆ ಹಳೇ ಪೇಪರು ಹಾಸಿದೆ. ಕಾಯುತ್ತಲೇ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿದೆ. ಕೆಳಗೆ ಮಲಗಿ ತುಕ್ಕು ತಿಂದಿದೆಯೇ ಎಂದು ಸ್ಕ್ರೂಡ್ರೈವರಿನಿಂದ ಚುಚ್ಚಿದೆ, ಟೈರುಗಳ ಒಳಮೈ ಸವರಿದೆ. ಎಲ್ಲ ಗಟ್ಟಿ. ರುದ್ರಮ್ಮ "ಜಗಲೀಲಿ ಯಾಕ್ ಕುಂತ್ರಿ, ಒಳೀಕ್ ಬನ್ನಿ" ಎಂದು ಕರೆದು ಉಪ್ಪಿಟ್ಟು ಕೊಟ್ಟರು.

ಹನ್ನೆರಡರ ಹೊತ್ತಿಗೆ ಬಾನೆಟ್ಟು ನೆರಳಿನಲ್ಲಿ ತಣ್ಣಗಾಗಿತ್ತು. ಪೇಪರಿನ ಮೇಲೆ ಒಂದೇ ಹನಿ ಆಯಿಲ್. ಈ ವಯಸ್ಸಿಗೆ ಅದು ಲೆಕ್ಕಕ್ಕಿಲ್ಲ. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

"ಅದ್ಕೆ ಬೆಳಗ್ಗೇನೇ ಕುಡ್ಸಿವ್ನಿ" ಎಂದರು ಶಿವಮಲ್ಲಪ್ಪ.

"ಏನ್ನ?"

"ನೀರ. ದಿನಾ ಒಂದು ಚೊಂಬು. ಬಿಸ್ಲು ಜಾಸ್ತಿ ಇದ್ರೆ ಎಲ್ಡು. ಒಂದಿನಾನೂ ಬಾಯಾರುಸಿಲ್ಲ." ಅವರ ಮುಖದಲ್ಲಿ ಹೆಮ್ಮೆ ಇತ್ತು. "ಎರಡು ವರ್ಸದಿಂದ ಇಂಗೇಯ. ವಯಸ್ಸಾಯ್ತಲ್ಲ, ದಾಹ ಜಾಸ್ತಿ."

ರೇಡಿಯೇಟರಿನ ನೀರು ತಿಂಗಳುಗಟ್ಟಲೆ ಇಳಿಯಬಾರದು. ಹೊರಗೆಲ್ಲೂ ಸೋರಿಲ್ಲ, ಪೇಪರಿನ ಮೇಲೆ ನೀರಿನ ಕಲೆಯಿಲ್ಲ. ಅಂದಮೇಲೆ ದಿನಾ ಒಂದು ಚೊಂಬು ನೀರು ಇಂಜಿನ್ನಿನ ಒಳಗೇ ಹೋಗುತ್ತಿದೆ. ಮುಚ್ಚಳ ತೆಗೆದು ರಾಹುಲ್‌ಗೆ ಸ್ಟಾರ್ಟ್ ಮಾಡಲು ಹೇಳಿದೆ. ಒಂದೇ ಸಲಕ್ಕೆ ಹಿಡಿಯಿತು. ನೀರಿನ್ನೂ ತಣ್ಣಗೇ ಇತ್ತು, ಆದರೂ ಅನ್ನದ ಪಾತ್ರೆಯ ಹಾಗೆ ಗುಳುಗುಳು ಗುಳ್ಳೆ ಎದ್ದಿತು.

"ಹೆಡ್ ಗ್ಯಾಸ್ಕೆಟ್ ಓಗ್ಬುಟ್ಟದೆ" ಎಂದೆ. "ಇಂಜಿನ್ನಿನ ತಲೆಗೂ ಮೈಗೂ ನಡುವಿನ ಹಾಳೆ. ಅದು ಕಿತ್ತೋಗಿ ಒಳಗಿನ ಗ್ಯಾಸು ನೀರಿಗೆ ನುಗ್ತಾ ಅದೆ. ತೋಟಕ್ಕೆ ಓಡಾಡಕೆ ಒಂದು ಚೊಂಬು ಸಾಕು. ವಾರಕ್ಕೆರಡು ಸಲ ಮೈಸೂರು ಅಂದ್ರೆ, ಒಂದಿನ ಕಾದು ನಿಂತೇ ನಿಲ್ತದೆ."

ಶಿವಮಲ್ಲಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತರು. "ನಾನು ಮುಚ್ಚಿಡ್ಲಿಲ್ಲ ಕಣಪ್ಪ."

"ಗೊತ್ತು ಸಾ. ಮುಚ್ಚಿಡೋರಾಗಿದ್ರೆ ಚೊಂಬಿನ ಮಾತು ಎತ್ತುತಿದ್ರಾ?"

"ಮಿಕ್ಕಿದ್ದು?" ರಾಹುಲ್ ಕೇಳಿದ.

"ಮಿಕ್ಕಿದ್ದೆಲ್ಲ ಬಂದೋಬಸ್ತಾಗೇ ಅದೆ. ಹೆಡ್ ಬಿಚ್ಚಬೇಕು. ಹತ್ತು ದಿನ."

"ಸೋಮವಾರ ಅಂತ ಏಳ್ಬುಟ್ಟಿವ್ನಲ್ಲಣ್ಣ. ಒಂದು ಕ್ಯಾನ್ ನೀರು ಮಡಿಕ್ಕಂಡು ಇಂಗೇ ಓಡುಸ್ಲಾ?"

ಆ ತೀರ್ಮಾನ ಅವನದೇ. ಕೂರಿಸಿಕೊಂಡು ಹೋಗುವವನು ಅವನು. ಅವನು ಇಳಿದು ಬಂದು ಗುಳ್ಳೆಗಳನ್ನು ನೋಡಿದ, ಇಂಜಿನ್ ಆಫ್ ಮಾಡಿ ಫೋನ್ ತೆಗೆದ.

"ಅವ್ವಾ, ಗಾಡಿ ಒಳ್ಳೇದೇ, ಆದ್ರೆ ರಿಪೇರಿ ಅದೆ. ಇನ್ನೂ ಹತ್ತು ದಿನ ಬಸ್ಸಲ್ಲೇ ಓಗ್ಬೇಕಾಯ್ತದೆ."

ಮಹದೇವಮ್ಮನ ದನಿ ನಮಗೂ ಕೇಳಿಸಿತು. "ಬಸ್ಸಲ್ಲೇ ಓಯ್ತೀವಿ ಬುಡು. ಬಸ್ಸು ನಿಂತ್ರೆ ಇಂದ್ಗಡೆ ಇನ್ನೊಂದ್ ಬಸ್ ಬತ್ತದೆ. ನಿನ್ ಗಾಡಿ ನಿಂತ್ರೆ ಮೂರ್ ಮುದ್ಕೀರ್ನ ಯಾರ್ಲಾ ಒತ್ಕಂಡೋಗೋರು?"

ಶಿವಮಲ್ಲಪ್ಪ ಎದ್ದು ಕನ್ನಡಿಯಿಂದ ಸೇವಂತಿಗೆ ಬಿಚ್ಚಿದರು. "ಕಾಯಿಲೆ ವಾಸಿ ಮಾಡ್ಸಿ ಕೊಡೋದು ನನ್ ಕೆಲ್ಸ. ನಿನ್ ಗ್ಯಾರೇಜಿಗೆ ಈಗ್ಲೇ ತತ್ತೀನಿ ಮಾದಪ್ಪ. ನಿಧಾನಕ್ಕೆ ಮುಂದೆ ಓಗ್ತಿರಿ."

ನಾವು ಬೈಕಿನಲ್ಲಿ ಮುಂದೆ, ಅವರು ಗಾಡಿಯಲ್ಲಿ ಹಿಂದೆ, ಮೂವತ್ತರ ಸ್ಪೀಡಿನಲ್ಲಿ, ಎರಡು ಕಡೆ ನಿಲ್ಲಿಸಿ ಇಂಜಿನ್ ಆರಿಸುತ್ತ ಬಂದೆವು. ನರಸೀಪುರದ ಸೇತುವೆ ಮೇಲೆ ರಾಹುಲ್ ಮತ್ತೆ ಹಿಂದೆ ತಿರುಗಿದ.

"ಬತ್ತಾ ಅದಾ?" ಎಂದೆ.

"ಬತ್ತಾ ಅದೆ ಕಣಣ್ಣ."